ಡ್ರಾಪ್ಸ್, ಏರೋ ಬಾರ್, ಡೀಪ್ ವೀಲ್, ಬಿಗಿ ಜೆರ್ಸಿ: ನಮ್ಮೂರಿನ ರೋಡಿಗೆ ಯಾವುದು?

ಏರೋಡೈನಮಿಕ್ಸ್ (ಗಾಳಿ ತಡೆ ಕಮ್ಮಿ ಮಾಡೋ ಲೆಕ್ಕಾಚಾರ) ಎಲ್ಲಾ ರೇಸ್ ಮಾಡೋರಿಗೆ, ಭಾನುವಾರ ಬೆಳಿಗ್ಗೆ ಮಂಡಗದ್ದೆ ತನಕ ಹೋಗಿ ತಿಂಡಿ ತಿಂದು ಬರೋರಿಗೆ ಅದೆಂತಕ್ಕೆ ಅಂತ ಶಿವಮೊಗ್ಗದಲ್ಲಿ ರೋಡ್ ಬೈಕ್ (ತೆಳು ಟೈರಿನ, ಬಾಗಿದ ಹ್ಯಾಂಡಲಿನ ಸೈಕಲ್) ಇಟ್ಕೊಂಡಿರೋ ಸುಮಾರು ಜನ ಕೇಳ್ತಾರೆ, ನಾನಂತೂ ಈ ಮಾತು ಒಪ್ಪಲ್ಲ. ಸಮತಟ್ಟು ರೋಡಲ್ಲಿ ಗಂಟೆಗೆ 25 ಕಿ.ಮೀ. ದಾಟಿದ್ರೆ ಸಾಕು, ಕಾಲಲ್ಲಿ ಹಾಕೋ ಶಕ್ತೀಲಿ ಅರ್ಧಕ್ಕಿಂತ ಜಾಸ್ತಿ ಗಾಳಿ ಸೀಳೋದಕ್ಕೇ ಹೋಗ್ತದೆ. ಸ್ಪೀಡ್ ಎರಡರಷ್ಟಾದ್ರೆ ಗಾಳಿ ತಡೆ ನಾಲ್ಕರಷ್ಟು, ಅದನ್ನ ಮೀರೋಕೆ ಬೇಕಾದ ಶಕ್ತಿ ಎಂಟರಷ್ಟು. ಇನ್ನೊಂದು, 100 ಕಿ.ಮೀ. ರೈಡನ್ನ ನಿಧಾನಕ್ಕೆ ತುಳಿಯೋನು ಗಾಳೀಲಿ ಇರೋ ಹೊತ್ತೇ ಜಾಸ್ತಿ, ಹಂಗಾಗಿ ತಡೆ ಕಮ್ಮಿಯಾದ್ರೆ ನಿಮಿಷದ ಲೆಕ್ಕದಲ್ಲಿ ಅವನಿಗೆ ಉಳಿಯೋದೂ ಕಮ್ಮಿ ಏನಲ್ಲ.

ಅದಕ್ಕೇ ಒಂದೊಂದಾಗಿ ಹಾಕಿ ನೋಡಿದೆ. ಹೊನ್ನಾಳಿ ರೋಡು, ಗಾಳಿ ಏಳೋಕೆ ಮುಂಚೆ, ಗೆಳೆಯನ ಪವರ್ ಮೀಟರ್ ಪೆಡಲ್ (ತುಳಿಯೋ ಶಕ್ತಿ ಅಳೆಯೋದು) ಹಾಕ್ಕೊಂಡು 150 ವ್ಯಾಟ್ ಆಸುಪಾಸಲ್ಲೇ ತುಳಿದು, ಹೋಗೋವಾಗ ಬರೋವಾಗ ಎರಡರ ಸರಾಸರಿ ತಗೊಂಡೆ, ಯಾಕಂದ್ರೆ ಒಂದೇ ಕಡೆಯ ನಂಬರ್ ನಂಬಿದ್ರೆ ಬೆನ್ನಿಗೆ ಬಿದ್ದ ಗಾಳಿಯನ್ನೇ ಹೊಸ ಸಾಮಾನಿನ ಮಹಿಮೆ ಅಂದ್ಕೋತೀವಿ.

ಮೊದ್ಲು ಡ್ರಾಪ್ಸ್, ಅಂದ್ರೆ ಹ್ಯಾಂಡಲಿನ ಕೆಳಕ್ಕೆ ಬಾಗಿದ ಭಾಗ. ಹುಡ್ಸ್ (ಬ್ರೇಕ್ ಲಿವರಿನ ರಬ್ಬರ್ ಹಿಡಿ) ಮೇಲೆ ಕೈ ನೇರ ಚಾಚಿ ಆರಾಮಾಗಿ ಕೂತ್ರೆ ಗಂಟೆಗೆ 28 ಕಿ.ಮೀ. ಹತ್ರ ಬರ್ತಿತ್ತು, ಡ್ರಾಪ್ಸ್ ಹಿಡಿದು ಮೊಣಕೈ ಮಡಚಿ ತಲೆ ತಗ್ಗಿಸಿದ್ರೆ ಅದೇ ವ್ಯಾಟಿಗೆ ಇಪ್ಪತ್ತೊಂಬತ್ತೂವರೆ. ಒಂದು ಪೈಸೆ ಖರ್ಚಿಲ್ಲ. ಕಾರಣ ಸರಳ, ಒಟ್ಟು ಗಾಳಿ ತಡೇಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ನಮ್ಮ ಮೈಯದ್ದೇ, ಸೈಕಲ್ಲಿಂದು ಉಳಿದಿದ್ದು. ಕೈ ಹುಡ್ಸ್ ಮೇಲೇ ಇಟ್ಟು ಮೊಣಕೈ ಮಡಚಿ ಮುಂಗೈ ನೆಲಕ್ಕೆ ಸಮ ಮಾಡಿದ್ರೂ ಅಷ್ಟೇ ಲಾಭ ಕಾಣ್ತು, ಆದ್ರೆ ಹಂಗೆ ಜಾಸ್ತಿ ಹೊತ್ತು ಇರೋಕೆ ತೋಳಲ್ಲಿ ಕಸುವು ಬೇಕು. ಡ್ರಾಪ್ಸಲ್ಲಿ ಅರ್ಧ ಗಂಟೆ ಇರೋಕಾಗ್ದೆ ಸೊಂಟ ಹಿಡಿತದೆ ಅನ್ನೋರು ಬೇರೆ ಯಾವ ಸಾಮಾನಿಗೂ ಮುಂಚೆ ಬೈಕ್ ಫಿಟ್ (ಮೈಗೆ ತಕ್ಕಂತೆ ಸೈಕಲ್ ಹೊಂದಿಸೋದು) ಮಾಡಿಸ್ಕೊಳ್ಳಿ, ಸ್ಟೆಮ್ (ಹ್ಯಾಂಡಲ್ ಹಿಡಿದಿರೋ ತುಂಡು) ಉದ್ದ, ಸೀಟ್ ಎತ್ತರ ಸರಿಯಾದ್ರೆ ಆ ನೋವು ಎಷ್ಟೋ ಕಮ್ಮಿ ಆಗ್ತದೆ, ಜೊತೆಗೆ ದಿನಾ ಹತ್ತು ನಿಮಿಷ ಬೆನ್ನು, ತೊಡೆ ಹಿಂಭಾಗ ಸಡಿಲ ಮಾಡಿ.

ಕ್ಲಿಪ್-ಆನ್ ಏರೋ ಬಾರ್ (ಮೊಣಕೈ ಊರಿ ಮುಂದಕ್ಕೆ ಬಾಗೋಕೆ ಹ್ಯಾಂಡಲಿಗೆ ಸಿಕ್ಕಿಸೋ ಬಾರ್) ಡ್ರಾಪ್ಸಿಗಿಂತಲೂ ಜೋರು, ಅದ್ರಲ್ಲಿ ಅನುಮಾನ ಇಲ್ಲ. 1989ರ ಟೂರ್ ಡಿ ಫ್ರಾನ್ಸ್ ಕೊನೇ ದಿನ ಗ್ರೆಗ್ ಲೆಮಾಂಡ್ ಅಂಥ ಬಾರ್ ಹಾಕ್ಕೊಂಡು 24.5 ಕಿ.ಮೀ. ಟೈಮ್ ಟ್ರಯಲಲ್ಲಿ (ಒಬ್ಬೊಬ್ಬರೇ ತುಳಿದು ಸಮಯ ಅಳೆಯೋ ರೇಸ್) ಅಲ್ಲಿ ತನಕ ಮುಂದಿದ್ದ ಲಾರೆಂಟ್ ಫಿನ್ಯೋಗಿಂತ 58 ಸೆಕೆಂಡ್ ಬೇಗ ಮುಗಿಸಿದ, ಇಡೀ ಟೂರನ್ನ ಬರೀ 8 ಸೆಕೆಂಡಲ್ಲಿ ಗೆದ್ದ, ಫಿನ್ಯೋ ಅವತ್ತು ಹೆಲ್ಮೆಟ್ಟೂ ಇಲ್ದೆ ಜುಟ್ಟು ಬಿಟ್ಕೊಂಡೇ ತುಳಿದಿದ್ದ. ಆದ್ರೆ ಅಲ್ಲಿ ರೋಡ್ ಬಂದ್ ಮಾಡಿರ್ತಾರೆ. ಇಲ್ಲಿ ಊರಿನ ಹತ್ರ ಬಂದ್ರೆ ನಾಯಿ, ದನ, ಅಡ್ಡ ನುಗ್ಗೋ ಬೈಕು, ರೋಡಲ್ಲೇ ಒಣಗೋಕೆ ಹಾಕಿರೋ ಭತ್ತ, ಕೈ ಬ್ರೇಕಿಂದ ದೂರ ಇರೋದು ನನಗೆ ಒಪ್ಪಿಗೆ ಆಗ್ಲಿಲ್ಲ, ಗುಂಪಲ್ಲಿ ಹೋಗೋವಾಗಂತೂ ಆ ಬಾರ್ ಮೇಲೆ ಮಲಗ್ಲೇಬಾರ್ದು. ಒಬ್ಬರೇ ದೂರದ ಬ್ರೆವೆಗೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸೋ ದೂರದ ರೈಡ್) ಹೋಗೋರಿಗೆ ಕೈಗೆ ವಿಶ್ರಾಂತಿ ಸಿಗ್ತದೆ, ಅವರಿಗೆ ಬೇಕಾದ್ರೆ ಸರಿ, ಉಳಿದೋರಿಗೆ ಬೇಡ ಅಂತಲೇ ನಾನು ಹೇಳೋದು.

50 ಎಂಎಂ ಕಾರ್ಬನ್ ಡೀಪ್ ವೀಲ್ (ರಿಮ್ಮು ಅಗಲವಾಗಿ ಒಳಕ್ಕೆ ಇಳಿದಿರೋ ಚಕ್ರ) ಗೆಳೆಯನದ್ದೇ. ಸ್ಪೀಡಲ್ಲಿ ಸಿಕ್ಕಿದ್ದು ಗಂಟೆಗೆ ಅರ್ಧ ಕಿಲೋಮೀಟರಿನ ಒಳಗೆ, ಹಾಕಬೇಕಾದ ದುಡ್ಡು ಅರ್ಧ ಲಕ್ಷದ ಆಸುಪಾಸು. ಮಳೆಗಾಲದಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬರೋದು, ಹೊನ್ನಾಳಿ ರೋಡು ಉತ್ತರಕ್ಕೆ ಹೋಗೋದು, ಹಂಗಾಗಿ ತೋಟ ಮುಗಿದು ಬಯಲು ಗದ್ದೆ ಶುರುವಾದ ಕೂಡ್ಲೇ ಅಡ್ಡಗಾಳಿ ಮುಂದಿನ ಚಕ್ರ ಹಿಡಿದು ಎಳೀತದೆ. ಸಣ್ಣ ಮೈಕಟ್ಟಿನೋರಿಗೆ ಇದು ನಿಜವಾಗ್ಲೂ ಅಪಾಯ. ಅಷ್ಟೇ ದುಡ್ಡಲ್ಲಿ ಒಂದು ಭಾಗ ಒಳ್ಳೆ 28 ಎಂಎಂ ಟೈರಿಗೆ ಹಾಕಿ ಪ್ರೆಷರ್ ಸ್ವಲ್ಪ ಇಳಿಸಿದ್ರೆ ನಮ್ಮ ತೇಪೆ ಹಚ್ಚಿದ ರೋಡಲ್ಲಿ ಅದೇ ಹೆಚ್ಚು ಉಪಯೋಗ.

ಬಟ್ಟೆ ವಿಷಯಾನ ಯಾರೂ ಗಂಭೀರವಾಗಿ ತಗೊಳಲ್ಲ, ನನಗೆ ಡ್ರಾಪ್ಸ್, ಏರೋ ಬಾರ್ ಬಿಟ್ರೆ ಅತಿ ಹೆಚ್ಚು ವ್ಯತ್ಯಾಸ ಕಂಡಿದ್ದೇ ಅಲ್ಲಿ. ತೀರ್ಥಹಳ್ಳಿ ಕಡೆ ಹೋಗೋ ರೋಡು ನೈಋತ್ಯಕ್ಕೇ ಮುಖ ಮಾಡಿರೋದು, ಜುಲೈಲಿ ಗಾಜನೂರು ಡ್ಯಾಮ್ ದಾಟಿ ಸಕ್ರೆಬೈಲು ಕಡೆ ಎದುರು ಗಾಳೀಲಿ ಸ್ಕೂಟರ್ ರೇನ್‌ಕೋಟ್ ಹಾಕ್ಕೊಂಡು ತುಳಿದ್ರೆ ಬೆನ್ನಿಗೆ ಪ್ಯಾರಾಚೂಟ್ ಕಟ್ಟಿದ ಹಾಗೆ, ಮೈಗಂಟೋ ಮಳೆ ಜಾಕೆಟ್ ಹಾಕಿದ್ರೆ ಗೇರೇ ಒಂದೆರಡು ಬದಲಾಗ್ತದೆ. ಬೇಸಿಗೇಲೂ ಅಷ್ಟೇ, ಸಡಿಲ ಟೀ ಶರ್ಟ್ ಪಟಪಟ ಅನ್ನೋ ಶಬ್ದ ಇದೆಯಲ್ಲ, ಅದು ನಿಮ್ಮ ಶಕ್ತಿ ಗಾಳೀಲಿ ಹೋಗ್ತಿರೋ ಶಬ್ದ. ಹೊಟ್ಟೆ ಕಾಣ್ತದೆ ಅಂತ ನಾಚ್ಕೊಂಡು ದೊಡ್ಡ ಸೈಜ್ ತಗೋಬೇಡಿ, ರೋಡಲ್ಲಿ ಯಾರೂ ನೋಡಲ್ಲ. ಮಳೆಗಾಲದ ಒದ್ದೆ ಗಾಳಿ ಭಾರ, ಅದಕ್ಕೇ ಸ್ಪೀಡ್ ಬರಲ್ಲ ಅನ್ನೋ ಮಾತಿದೆ, ಅದು ತಪ್ಪು. ಅದೇ ಉಷ್ಣಾಂಶದಲ್ಲಿ ತೇವದ ಗಾಳಿ ಒಣ ಗಾಳಿಗಿಂತ ಸ್ವಲ್ಪ ಹಗುರ, ನಿಮ್ಮನ್ನ ತಡೆಯೋದು ಗಾಳಿಯ ವೇಗ ಮತ್ತೆ ಆ ಕೋಟು. ಏರೋ ಹೆಲ್ಮೆಟ್ ಹಾಕಿ ನೋಡಿದೆ, ನನ್ನ ಸ್ಪೀಡಲ್ಲಿ ವ್ಯತ್ಯಾಸ ಹಿಡಿಯೋಕೆ ಆಗ್ಲಿಲ್ಲ, ಸೆಕೆ ಮಾತ್ರ ಜೋರಾಯ್ತು.

ಇನ್ನು ಆಗುಂಬೆ ಘಾಟಿ. ಸೋಮೇಶ್ವರದಿಂದ 14 ತಿರುವು ಹತ್ತೋವಾಗ ಸ್ಪೀಡ್ 10ರ ಸುತ್ತ ಇರ್ತದೆ, ಆಗ ಗಾಳಿಗೆ ಹೋಗೋದು ನಾಲ್ಕೈದು ವ್ಯಾಟ್ ಅಷ್ಟೇ, ಉಳಿದಿದ್ದೆಲ್ಲ ಭಾರ ಎತ್ತೋಕೆ. ಅಲ್ಲಿ ಡ್ರಾಪ್ಸ್ ಮರೆತು ಬಾರ್ ಮೇಲ್ಭಾಗ ಹಿಡಿದು ಎದೆ ತೆರೆದು ಉಸಿರಾಡಿ, ಜೆರ್ಸಿ ಜಿಪ್ ಇಳಿಸಿ. ಇಳಿಯೋವಾಗ ಡ್ರಾಪ್ಸ್ ಹಿಡೀರಿ, ಅದೂ ಸ್ಪೀಡಿಗಲ್ಲ, ಬ್ರೇಕ್ ಲಿವರ್ ಗಟ್ಟಿಯಾಗಿ ಕೈಗೆ ಸಿಗ್ಲಿ ಅಂತ. ಟಿವಿಲಿ ನೋಡಿ ಟಾಪ್ ಟ್ಯೂಬ್ (ಸೀಟ್ ಮುಂದಿನ ಮೇಲಿನ ಕೊಳವೆ) ಮೇಲೆ ಕೂತು ಇಳಿಯೋ ಆಸೆ ಕೆಲವು ಹುಡುಗರಿಗಿದೆ, ಸೈಕಲ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಅದನ್ನ 2021ರಲ್ಲೇ ರೇಸಲ್ಲೂ ಬ್ಯಾನ್ ಮಾಡಿದೆ, ಪಾಚಿ ಕಟ್ಟಿದ ತಿರುವಲ್ಲಿ ಎದುರಿಗೆ ಬಸ್ ಬರೋ ಘಾಟೀಲಿ ದಯವಿಟ್ಟು ಅದು ಬೇಡ.