"ಅಸಲಿ ತೈವಾನ್ ಊಟ" ಅಂತ ನಂಬಿ ಹೋಗಬೇಡಿ, ನನ್ನ ಅಮ್ಮನಿಗೆ ಹಂದಿಮಾಂಸ ಬಡಿಸಿದರು

ಅಮೆರಿಕದ ಕುಪರ್ಟಿನೊ ಕಡೆ ಇರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಅವರು ಮಾಂಸ ಮುಟ್ಟದವರಾಗಿದ್ದರೆ, ಖಂಡಿತ ಓದಿ. ಕಳೆದ ಶನಿವಾರ ಒಂದು ತೈವಾನ್ ಹೋಟೆಲಿನಲ್ಲಿ ನನ್ನ ಅಮ್ಮನಿಗೆ ಹಂದಿಮಾಂಸ ಬಡಿಸಿದರು. ನಾನು ಮೂರು ಸಲ ಕೇಳಿದ್ದೆ. ಮೂರು ಸಲ! ಆರು ದಿನ ಆಯಿತು, ಇನ್ನೂ ಸಿಟ್ಟು ಇಳಿದಿಲ್ಲ.

ಅಲ್ಲಿಗೆ ಕರೆದುಕೊಂಡು ಹೋದವನು ನಾನೇ. ಕಾರಣ ಇದೆ. ಚಿಪ್ ಕಂಪನಿ ಕೆಲಸಕ್ಕೆ ಅಂತ ತೈವಾನಿನ ಶಿಂಚು ಊರಿನಲ್ಲಿ ಎರಡು ವರ್ಷ ಇದ್ದೆ, 2016ರಿಂದ 2018ರವರೆಗೆ. ಅಲ್ಲಿ ಸಸ್ಯಾಹಾರಿಗೆ ಊಟದ ಕಷ್ಟ ಅಂತ ನನಗೆ ಅನ್ನಿಸಲೇ ಇಲ್ಲ. "ಸು" ಅನ್ನುವ ಒಂದು ಮಾತು ಸಾಕು, ಸಸ್ಯಾಹಾರ ಅಂತ ಅರ್ಥ. ಬೌದ್ಧರು ಬಹಳ ಜನ ಇದ್ದಾರೆ. ಚಾಂದ್ರಮಾನದ ತಿಂಗಳಲ್ಲಿ ಪಾಡ್ಯ, ಹುಣ್ಣಿಮೆ ದಿನ ಮಾತ್ರ ಮಾಂಸ ಬಿಡುವವರೂ ಇದ್ದಾರೆ. ಪೂರ್ತಿ "ಸು" ಅಂದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಡಿ ಅಡುಗೆಯ ಹಾಗೆ. ಪ್ಯಾಕೆಟ್ ತಿಂಡಿಯನ್ನು ಸಸ್ಯಾಹಾರ ಅಂತ ಮಾರಬೇಕಾದರೆ ಯಾವ ಬಗೆ ಅಂತ ಬರೆಯಲೇಬೇಕು: ಪೂರ್ತಿ ಸಸ್ಯಾಹಾರವೋ, ಮೊಟ್ಟೆ ಇದೆಯೋ, ಹಾಲು ಇದೆಯೋ, ಎರಡೂ ಇದೆಯೋ, ಈರುಳ್ಳಿ ಬೆಳ್ಳುಳ್ಳಿ ಇದೆಯೋ. ಐದು ಬಗೆ. 2009ರಿಂದ ಅಲ್ಲಿ ಇದು ನಿಯಮ.

ಒಂದು ಸಂಗತಿ ಹೇಳಲೇಬೇಕು. ಹೋದ ಹೊಸದರಲ್ಲಿ ಆಫೀಸಿನ ಹಿಂದಿನ ಬೀದಿಯಲ್ಲಿ ಒಂದು ನೂಡಲ್ಸ್ ಅಂಗಡಿಗೆ ಹೋಗಿ "ಸು" ಅಂದೆ. ಅಂಗಡಿಯ ಅಜ್ಜಿ ಎರಡೂ ಕೈ ಆಡಿಸಿ ಬೇಡ ಬೇಡ ಅಂದರು. ಪಾತ್ರೆ ತೋರಿಸಿ ಹಂದಿ ಅಂತ ಸನ್ನೆ ಮಾಡಿದರು. ಏಪ್ರನ್‌ನಲ್ಲೇ ಹೊರಗೆ ಬಂದು, ಎರಡು ಅಂಗಡಿ ದಾಟಿಸಿ, "ಸು" ಅಂತ ಬೋರ್ಡ್ ಇದ್ದ ಕಡೆ ಬಿಟ್ಟು ಹೋದರು. ತನಗೆ ಬರುವ ದುಡ್ಡು ಬಿಟ್ಟು! ನಾನು ಕಂಡ ತೈವಾನ್ ಅದು. ಅದೇ ನಂಬಿಕೆಯಲ್ಲಿ ಅಮ್ಮನನ್ನು ಕರೆದುಕೊಂಡು ಹೋದೆ.

ಹೋಟೆಲ್ ನೋಡಲು ಚೆನ್ನಾಗಿಯೇ ಇತ್ತು. ಹೊರಗೆ ಸಾಲು. ಗೋಡೆ ಮೇಲೆ ತೈಪೆಯ ರಾತ್ರಿ ಸಂತೆಯ ಫೋಟೊ. ಬಾಗಿಲಲ್ಲೇ ದಪ್ಪ ಅಕ್ಷರದಲ್ಲಿ "ಅಸಲಿ ತೈವಾನ್ ರುಚಿ". ಮೆನುವಿನಲ್ಲಿ ಕೆಲವು ಐಟಂಗಳ ಪಕ್ಕ ಪುಟ್ಟ ಹಸಿರು ಎಲೆಯ ಗುರುತು. ಆ ಎಲೆಯನ್ನು ನೆನಪಿಡಿ.

ಕೂತ ತಕ್ಷಣ ಆರ್ಡರ್ ತೆಗೆದುಕೊಳ್ಳುವ ಹುಡುಗಿಗೆ ಹೇಳಿದೆ: ನಾವು ಐದು ಜನ, ಎಲ್ಲರೂ ಸಸ್ಯಾಹಾರಿಗಳು, ಮಾಂಸ ಮೀನು ಮೊಟ್ಟೆ ಏನೂ ಬೇಡ. "ಸು" ಅಂತಲೂ ಹೇಳಿದೆ. ತಲೆ ಆಡಿಸಿದಳು. ಎಲೆ ಗುರುತಿನವು ಸಸ್ಯಾಹಾರ ತಾನೇ ಅಂದೆ. "ಹೌದು ಹೌದು" ಅಂದಳು. ಆರ್ಡರ್ ಬರೆದುಕೊಂಡು ಹೊರಟವಳನ್ನು ನಿಲ್ಲಿಸಿ ಇನ್ನೊಂದು ಸಲ ಕೇಳಿದೆ, ಯಾವುದರಲ್ಲೂ ಮಾಂಸ ಇಲ್ಲ ಅಲ್ವಾ ಅಂತ. "ಇಲ್ಲ ಸರ್, ಎಲ್ಲಾ ತರಕಾರಿ" ಅಂದಳು. ಹೆಂಡತಿ "ಸಾಕು ಬಿಡಿ, ಎಷ್ಟು ಸಲ ಕೇಳ್ತೀರಿ" ಅಂದಳು.

ಅಣಬೆ ಬಂತು, ಸೋಯಾ ಸಾಸ್, ಎಳ್ಳೆಣ್ಣೆ, ಅಕ್ಕಿ ವೈನ್ ಒಂದೊಂದು ಬಟ್ಟಲು ಅನ್ನುವ ಲೆಕ್ಕದಲ್ಲಿ "ಮೂರು ಬಟ್ಟಲಿನ ಅಡುಗೆ" ಅಂತ ಕರೆಯುವುದು. ಮೇಲೆ ಕಾಮಕಸ್ತೂರಿಯ ಹಾಗೆ ಘಮ ಬರುವ ಎಲೆ. ಈರುಳ್ಳಿ ಸೊಪ್ಪಿನ ಪರೋಟ ಬಂತು. ಎಳ್ಳಿನ ನೂಡಲ್ಸ್ ಬಂತು. ಕೊನೆಗೆ ಬೇಯಿಸಿದ ಗೆಣಸಿನ ಸೊಪ್ಪು ಬಂತು, ಮೇಲೆ ಕಂದು ಬಣ್ಣದ ಸಾಸ್.

ಅಮ್ಮನಿಗೆ ಆ ಸೊಪ್ಪು ತುಂಬಾ ಹಿಡಿಸಿತು. ಬಂದಾಗಿನಿಂದ ಹೊರಗೆ ಎಲ್ಲೂ ಸರಿಯಾಗಿ ತಿಂದಿರಲಿಲ್ಲ. "ಬಸಳೆ ಸೊಪ್ಪಿನ ಹಾಗೇ ಇದೆ ಕಣೋ" ಅಂದರು. ಇನ್ನೊಂದು ಸಲ ಹಾಕಿಸಿಕೊಂಡರು. ಆಮೇಲೆ ಕೇಳಿದರು, "ಇದಕ್ಕೇನು ಹಾಕ್ತಾರೋ? ಇಷ್ಟು ರುಚಿ ಹೇಗೆ ಬಂತು? ಕೇಳಿಕೊಂಡು ಬಾ, ಊರಲ್ಲಿ ಮಾಡ್ತೀನಿ."

ಏನು ಹಾಕುತ್ತಾರೆ ಅಂತ ನೋಡಲು ತಟ್ಟೆಯ ತಳ ಕೆದಕಿದೆ. ಕಂದು ಚೂರುಗಳಿದ್ದವು. ಹುರಿದ ಈರುಳ್ಳಿ ಇರಬೇಕು ಅಂದುಕೊಂಡೆ. ಒಂದನ್ನು ಚಾಪ್‌ಸ್ಟಿಕ್‌ನಲ್ಲಿ ಒತ್ತಿದೆ. ಒಡೆಯಲಿಲ್ಲ, ಜಾರಿತು. ತಿರುಗಿಸಿ ನೋಡಿದರೆ ಒಂದು ಬದಿ ಕಂದು, ಇನ್ನೊಂದು ಬದಿ ಬಿಳಿ ಕೊಬ್ಬು. ಕಾಳಿನಷ್ಟು ದೊಡ್ಡದು. ಆಗ ಗೊತ್ತಾಯಿತು. "ರೋ ಝಾವ್"! ಅನ್ನದ ಮೇಲೆ ಸುರಿದು ಕೊಡುತ್ತಾರಲ್ಲ, ಹಂದಿಮಾಂಸವನ್ನು ಸಣ್ಣಗೆ ಕೊಚ್ಚಿ ಸೋಯಾ ಸಾಸ್‌ನಲ್ಲಿ ಕುದಿಸಿದ್ದು, ಅದು. ತೈವಾನಿನ ಮಾಮೂಲಿ ಅಂಗಡಿಗಳಲ್ಲಿ ಬೇಯಿಸಿದ ಸೊಪ್ಪಿನ ಮೇಲೂ ಅದನ್ನು ಒಂದು ಸೌಟು ಹಾಕುತ್ತಾರೆ. ನನಗೆ ಗೊತ್ತಿದ್ದ ವಿಷಯ! ಕಣ್ಣೆದುರೇ ಇದ್ದರೂ ಹೊಳೆಯಲಿಲ್ಲ. ಯಾಕೆಂದರೆ ಮೂರು ಸಲ ಕೇಳಿದ್ದೆ, ಮೂರು ಸಲ ಇಲ್ಲ ಅಂದಿದ್ದರು.

ಅಮ್ಮ ನನ್ನ ಮುಖ ನೋಡುತ್ತಿದ್ದರು. ಬಾಯಲ್ಲಿ ತುತ್ತು ಇತ್ತು.

ಹುಡುಗಿಯನ್ನು ಕರೆದು ಇದೇನು ಅಂದೆ. "ಅದು ಸಾಸ್ ಸರ್" ಅಂದಳು. ಸಾಸ್‌ನಲ್ಲಿ ಏನಿದೆ ಅಂದೆ. "ಸ್ವಲ್ಪ ಪೋರ್ಕ್, ತುಂಬಾ ಸ್ವಲ್ಪ" ಅಂದಳು. ಸ್ವಲ್ಪವಂತೆ! ಮ್ಯಾನೇಜರ್ ಬಂದರು. ಆಕೆ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ನೀವು ಕೇಳಿದ್ದು ತರಕಾರಿ. ತರಕಾರಿ ತರಕಾರಿಯೇ. ಸಾಸ್ ಬಗ್ಗೆ ಕೇಳಲಿಲ್ಲ." ಹಾಗಾದರೆ ಈ ಹಸಿರು ಎಲೆ ಏನು ಅಂತ ಮೆನು ತೋರಿಸಿದೆ. "ಅದು ತರಕಾರಿ ಐಟಂ ಅಂತ, ಸಸ್ಯಾಹಾರಿಗಳಿಗೆ ಅಂತ ಅಲ್ಲ." ಹಾಗಂತ ಮೆನುವಿನಲ್ಲಿ ಎಲ್ಲಿಯೂ ಬರೆದಿಲ್ಲ. ಒಂದು ಕಡೆಯೂ ಇಲ್ಲ. ಫೋಟೊ ಹೊಡೆದುಕೊಂಡಿದ್ದೇನೆ. "ಸು" ಅಂದಿದ್ದೆನಲ್ಲ ಅಂದರೆ ಅದಕ್ಕೆ ಉತ್ತರ ಕೊಡಲೇ ಇಲ್ಲ. "ನಮ್ಮದು ಅಸಲಿ ತೈವಾನ್ ಅಡುಗೆ, ತೈವಾನಿನಲ್ಲಿ ಹೀಗೇ ಮಾಡೋದು" ಅಂದರು.

ನನಗೆ ಎಲ್ಲಕ್ಕಿಂತ ಉರಿದಿದ್ದು ಈ ಮಾತಿಗೆ. ತೈವಾನಿನಲ್ಲಿ ಹೀಗೆ ಮಾಡುವುದಿಲ್ಲ. ಸೊಪ್ಪಿಗೆ ರೋ ಝಾವ್ ಹಾಕುತ್ತಾರೆ, ನಿಜ. "ಸು" ಅಂದವರ ತಟ್ಟೆಗೆ ಹಾಕುವುದಿಲ್ಲ. ಅಂಗಡಿ ಬಿಟ್ಟು ಬಂದು ದಾರಿ ತೋರಿಸಿದ ಆ ಅಜ್ಜಿಯ ಊರಿನ ಹೆಸರು ಹೇಳಿಕೊಂಡು ಇವರು ಸುಳ್ಳು ಹೇಳುತ್ತಾರಲ್ಲ!

ಪರೋಟ ಯಾವ ಕೊಬ್ಬಿನಲ್ಲಿ ಸುಟ್ಟಿದ್ದು, ನೂಡಲ್ಸ್ ಬೇಯಿಸಿದ ನೀರು ಯಾವುದು, ಕೇಳುವ ಧೈರ್ಯವೂ ಆಗಲಿಲ್ಲ. ಎದ್ದೆವು. ಬಿಲ್‌ನಲ್ಲಿ ಸೊಪ್ಪಿನ 12 ಡಾಲರ್ ತೆಗೆದಿದ್ದರು, ದೊಡ್ಡ ಉಪಕಾರ ಮಾಡಿದ ಹಾಗೆ. ಶೇಕಡ 18 ಸರ್ವಿಸ್ ಚಾರ್ಜ್ ಹಾಗೇ ಇತ್ತು. ಅದರ ಕೆಳಗೆ ಟಿಪ್ ಬರೆಯಲು ಇನ್ನೊಂದು ಖಾಲಿ ಗೆರೆ. ಅಪ್ಪ "ಕೊಟ್ಟು ಬಾ, ಇಲ್ಲಿ ಗಲಾಟೆ ಬೇಡ" ಅಂದರು. ಕೊಟ್ಟು ಬಂದೆ.

ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮನೆಗೆ ಬಂದ ತಕ್ಷಣ ಅಮ್ಮ ತಲೆಗೆ ಸ್ನಾನ ಮಾಡಿದರು. ಮಾರನೆ ದಿನ ಮಧ್ಯಾಹ್ನದ ತನಕ ನೀರು ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ. "ಗೊತ್ತಿಲ್ಲದೆ ಆಗಿದ್ದು, ಬಿಡು ಮಗಾ" ಅಂತ ನನಗೇ ಸಮಾಧಾನ ಹೇಳಿದರು. ಅದು ಇನ್ನೂ ಕಷ್ಟ. ಅರವತ್ತೆಂಟು ವರ್ಷದಲ್ಲಿ ಮೊಟ್ಟೆ ಹಾಕಿದ ಕೇಕ್ ಕೂಡ ತಿಂದವರಲ್ಲ. ಈಗ ಹೊರಗೆ ಹೊರಟರೆ ಡಬ್ಬಿಯಲ್ಲಿ ಚಪಾತಿ ಹಾಕಿಕೊಂಡೇ ಹೊರಡುತ್ತಾರೆ.

ರಿವ್ಯೂ ಬರೆದೆ. ಹೋಟೆಲಿನವರ ಉತ್ತರ ಬಂತು. "ಗ್ರಾಹಕರು ತಟ್ಟೆ ಪೂರ್ತಿ ಖಾಲಿ ಮಾಡಿದ ಮೇಲೆ ದೂರು ಕೊಟ್ಟಿದ್ದಾರೆ. ಒಬ್ಬೊಬ್ಬರ ಇಷ್ಟಕ್ಕೆ ತಕ್ಕಂತೆ ನಮ್ಮ ಸಾಂಪ್ರದಾಯಿಕ ಅಡುಗೆಯನ್ನು ಬದಲಾಯಿಸಲು ಆಗುವುದಿಲ್ಲ." ಎಲ್ಲರೂ ಓದುವ ಜಾಗದಲ್ಲಿ ಹೀಗೆ ಬರೆದಿದ್ದಾರೆ. ಬಿಟ್ಟಿ ಊಟಕ್ಕೆ ನಾಟಕ ಆಡಿದೆವು ಅನ್ನುವ ಹಾಗೆ. ತಟ್ಟೆ ಖಾಲಿ ಮಾಡಿದ್ದು ನನ್ನ ಅಮ್ಮ. ನಿಮ್ಮ ಮಾತು ನಂಬಿ ಖಾಲಿ ಮಾಡಿದ್ದು.

ಹೋಗುವವರಿಗೆ ಇಷ್ಟು ಹೇಳುತ್ತೇನೆ. "ಮಾಂಸ ಇದೆಯಾ" ಅಂತ ಕೇಳಬೇಡಿ. ಸಾಸ್ ಏನು, ಸಾರು ಯಾವುದರದ್ದು, ಯಾವುದರಲ್ಲಿ ಹುರಿದದ್ದು ಅಂತ ಒಂದೊಂದಾಗಿ ಕೇಳಿ. ಸೊಪ್ಪಿನ ಮೇಲೆ ರೋ ಝಾವ್, ಎಲೆಕೋಸಿನಲ್ಲಿ ಒಣ ಸೀಗಡಿ, ಹುರಿದ ಈರುಳ್ಳಿಯಲ್ಲಿ ಹಂದಿ ಕೊಬ್ಬು ಇರಬಹುದು. ಶಾಚಾ ಅನ್ನುವ ಸಾಸ್‌ನಲ್ಲಿ ಒಣ ಮೀನು, ಸೀಗಡಿ ಎರಡೂ ಇರುತ್ತದೆ. ಸೊಪ್ಪಿಗೆ ಎಣ್ಣೆ, ಉಪ್ಪು ಮಾತ್ರ ಹಾಕಿ ಅನ್ನಿ. ಎಲೆ ಚಿತ್ರ ನಂಬಬೇಡಿ. ಕೇಳುವಾಗ ಮುಖ ಸಿಂಡರಿಸಿದರೆ ಎದ್ದು ಬನ್ನಿ, ಸಂಕೋಚ ಬೇಡ. ನಾನು ಸಂಕೋಚಪಟ್ಟು ನಾಲ್ಕನೇ ಸಲ ಕೇಳಲಿಲ್ಲ.

ನಿನ್ನೆ ಸಂಜೆ ಅವರಿಂದ ಇನ್ನೊಂದು ಮೆಸೇಜ್ ಬಂತು. ರಿವ್ಯೂ ತೆಗೆದರೆ ಮುಂದಿನ ಊಟಕ್ಕೆ ಶೇಕಡ 10 ರಿಯಾಯಿತಿ ಕೊಡುತ್ತಾರಂತೆ. ತೆಗೆದಿಲ್ಲ. ತಟ್ಟೆಯ ಫೋಟೊ, ಮೆನುವಿನ ಫೋಟೊ, ಬಿಲ್ಲು, ಮೂರನ್ನೂ ಅದರ ಕೆಳಗೆ ಹಾಕಿದ್ದೇನೆ.