17 ಅಡಿಯ ಪಾಪ್-ಟಾಪ್ ಕ್ಯಾರವಾನ್: ಕೆಲವು ಬೇಸಿಗೆ ಎಳೆದ ಮೇಲೆ ಅನ್ನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ: ಗಾಡಿ ಚೆನ್ನಾಗಿದೆ, ಫ್ರಿಜ್ ಚೆನ್ನಾಗಿಲ್ಲ. ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಕೊಳ್ಳಲು ಹೋದವರೆಲ್ಲ ಹಾಸಿಗೆ ಒತ್ತಿ ನೋಡುತ್ತಾರೆ, ಅಡುಗೆ ಕಟ್ಟೆಯ ಬಣ್ಣ ನೋಡುತ್ತಾರೆ, ಟಿವಿ ಎಲ್ಲಿ ಕೂರುತ್ತೆ ಅಂತ ಕೇಳುತ್ತಾರೆ. ಡಿಸೆಂಬರ್-ಜನವರಿಯಲ್ಲಿ, ಅಂದರೆ ಇಲ್ಲಿ ಆಸ್ಟ್ರೇಲಿಯಾದ ನಡುಬೇಸಿಗೆಯಲ್ಲಿ, ವಿಕ್ಟೋರಿಯಾದ ಉತ್ತರಕ್ಕೋ ನ್ಯೂ ಸೌತ್ ವೇಲ್ಸ್‌ನ ಒಳನಾಡಿಗೋ ಹೊರಟ ಮೇಲೆ ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಎರಡೇ. ಒಂದು ತೂಕ, ಇನ್ನೊಂದು ಸೆಕೆ.

ನಾವು ಮೆಲ್ಬರ್ನಿನ ಪಶ್ಚಿಮಕ್ಕೆ, ಟಾರ್ನೀಟ್‌ನಲ್ಲಿ ಇರುವವರು. ಮನೆಯಲ್ಲಿ ಇಬ್ಬರೇ. ನಮ್ಮವರ ಆಫೀಸು ಕ್ರಿಸ್‌ಮಸ್‌ಗೆ ಮುಚ್ಚಿದರೆ ಜನವರಿ ಎರಡನೇ ವಾರಕ್ಕೇ ತೆರೆಯುವುದು. ನನ್ನದು ಶಾಲೆ ಕೆಲಸ, ಜನವರಿ ಕೊನೆಯವರೆಗೂ ರಜೆ. ನಮ್ಮ ಕ್ಯಾರವಾನ್ ಪಾಪ್-ಟಾಪ್ ಜಾತಿಯದು. ಓಡುವಾಗ ಚಾವಣಿ ಕೆಳಗಿರುತ್ತದೆ. ನಿಲ್ಲಿಸಿದ ಮೇಲೆ ಎತ್ತಿದರೆ ಸುತ್ತ ಒಂದೂವರೆ ಅಡಿ ಕ್ಯಾನ್ವಾಸ್ ಗೋಡೆ ಬಿಚ್ಚಿಕೊಳ್ಳುತ್ತದೆ. ಎಳೆಯುವುದು ಡೀಸೆಲ್ ಪ್ರಾಡೋ ಕಾರು.

ತೂಕದ ವಿಷಯ ಮೊದಲು. ಗಾಡಿಯ ಮುಂಭಾಗದಲ್ಲಿ ಒಂದು ಸಣ್ಣ ತಗಡಿನ ಪಟ್ಟಿ ಇರುತ್ತದೆ. ನಮ್ಮದರಲ್ಲಿ ಖಾಲಿ ತೂಕ 1,650 ಕೆಜಿ, ಎಲ್ಲ ತುಂಬಿದ ಮೇಲೂ ಮೀರಬಾರದ ತೂಕ 2,000 ಕೆಜಿ. ಅಂದರೆ ಸಾಮಾನಿಗೆ 350 ಕೆಜಿ. ಬೇಕಾದಷ್ಟಾಯಿತು ಅನ್ನಿಸುತ್ತೆ ಅಲ್ವಾ? 80 ಲೀಟರಿನ ಎರಡು ನೀರಿನ ಟ್ಯಾಂಕ್ ತುಂಬಿಸಿ, ಅಲ್ಲಿಗೇ 160 ಕೆಜಿ ಹೋಯಿತು. ಎರಡು ಸಿಲಿಂಡರಿನೊಳಗಿನ ಗ್ಯಾಸು ಹದಿನೇಳು-ಹದಿನೆಂಟು ಕೆಜಿ. ಆಮೇಲೆ ಹಾಕಿಸಿದ ಬ್ಯಾಟರಿ, ಸೋಲಾರ್ ಪ್ಯಾನಲ್ ಎಲ್ಲ ಇದೇ ಲೆಕ್ಕದಲ್ಲಿ. ಉಳಿದದ್ದರಲ್ಲಿ ಕುರ್ಚಿ, ಮೇಜು, ಬಟ್ಟೆ, ಅಕ್ಕಿ, ಕುಕ್ಕರ್, ಮಿಕ್ಸಿ. ಅಂಗಡಿಯಲ್ಲಿ ಈ ಕೂಡು-ಕಳೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಾಡಿ ದೊಡ್ಡದಾದಷ್ಟೂ ಜಾಸ್ತಿ ತುಂಬಬಹುದು ಅಂದುಕೊಳ್ಳಬೇಡಿ. 21 ಅಡಿಯ ಗಾಡಿಗೂ ಸಾಮಾನಿಗೆ 400 ಕೆಜಿ ಮಾತ್ರ ಬಿಟ್ಟಿರುವುದನ್ನು ನೋಡಿದ್ದೇನೆ. ಹೊರಡುವ ಮುಂಚೆ ಒಂದು ಸಲ ವೇಬ್ರಿಡ್ಜ್ ಮೇಲೆ ಹತ್ತಿಸಿ ನೋಡುವುದು ಲೇಸು.

ಎಷ್ಟು ತುಂಬಿದ್ದೀರಿ ಅನ್ನುವಷ್ಟೇ ಮುಖ್ಯ, ಎಲ್ಲಿ ತುಂಬಿದ್ದೀರಿ ಅನ್ನುವುದು. ಒಟ್ಟು ತೂಕದ ಸುಮಾರು ಶೇಕಡಾ 10ರಷ್ಟು ಕಾರಿನ ಟೋ ಬಾಲ್ ಮೇಲೆ, ಅಂದರೆ ಗಾಡಿ ಸಿಕ್ಕಿಸುವ ಹಿಂದಿನ ಗುಂಡಿನ ಮೇಲೆ, ಕೂರಬೇಕು. ಹಿಂದುಗಡೆ ಎರಡು ಸೈಕಲ್ ನೇತುಹಾಕಿ ಮುಂದೆ ಖಾಲಿ ಬಿಟ್ಟರೆ ವೇಗದಲ್ಲಿ ಗಾಡಿ ಹಾವಿನ ಹಾಗೆ ಹೊರಳಲು ಶುರು ಮಾಡುತ್ತದೆ. ಇದನ್ನು ನೋಡಬೇಕಾದರೆ ಹೇ ಊರಿನಿಂದ ಬ್ಯಾಲ್ರನಾಲ್ಡ್ ಕಡೆಗೆ ಸ್ಟರ್ಟ್ ಹೆದ್ದಾರಿಯಲ್ಲಿ ಹೋಗಬೇಕು. ಸುಮಾರು 130 ಕಿ.ಮೀ., ಏರಿಲ್ಲ, ಇಳಿತವಿಲ್ಲ, ಮರ ಅನ್ನುವುದೂ ಅಪರೂಪ. ಎದುರಿನಿಂದ 26 ಮೀಟರಿನ, ಎರಡು ಟ್ರೈಲರ್ ಎಳೆಯುವ ಬಿ-ಡಬಲ್ ಲಾರಿ ಬಂತೆಂದರೆ ಮೊದಲು ಗಾಳಿ ನಮ್ಮನ್ನು ಆಚೆ ತಳ್ಳುತ್ತದೆ, ಲಾರಿ ದಾಟಿದ ಕೂಡಲೇ ಒಳಕ್ಕೆ ಎಳೆಯುತ್ತದೆ. ಅಂಥ ಹೊತ್ತಿನಲ್ಲಿ ಕಾರಿನ ಬ್ರೇಕ್ ಒತ್ತಬಾರದು. ಡ್ಯಾಶ್‌ಬೋರ್ಡಿನಲ್ಲಿ ಕ್ಯಾರವಾನಿನ ಬ್ರೇಕಿಗೇ ಬೇರೆ ಗುಂಡಿ ಇರುತ್ತದೆ. ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು ಅದನ್ನು ಒತ್ತಿದರೆ ಹಿಂದಿನ ಗಾಡಿ ಮಾತ್ರ ಹಿಡಿದುಕೊಂಡು ನೆಟ್ಟಗಾಗುತ್ತದೆ. ನಮ್ಮ ಗಾಡಿ ಗಿಡ್ಡವಾದ್ದರಿಂದ ಗಾಳಿಯ ಹೊಡೆತ ಕಡಿಮೆ. ಪೂರ್ತಿ ಎತ್ತರದ ಕ್ಯಾರವಾನಿಗಿಂತ ಪಾಪ್-ಟಾಪ್ ಮೇಲು ಅನ್ನಲು ನನಗೆ ಇದೊಂದೇ ಕಾರಣ ಸಾಕು. ಡೀಸೆಲ್ಲೂ ಸ್ವಲ್ಪ ಉಳಿಯುತ್ತದೆ. ಸುಮ್ನೆ ಕಾರೊಂದೇ ಆದರೆ 100 ಕಿ.ಮೀ.ಗೆ ಒಂಬತ್ತು ಲೀಟರ್ ಕುಡಿಯುತ್ತದೆ, ಇದನ್ನು ಎಳೆದಾಗ ಹದಿನಾಲ್ಕು-ಹದಿನೈದು.

ಈಗ ಸೆಕೆ. ನಾವು ಸಾಮಾನ್ಯವಾಗಿ ಹಿಡಿಯುವುದು ಕಾಲ್ಡರ್ ಹೆದ್ದಾರಿ. ಬೆಂಡಿಗೊ ದಾಟಿ, ವೈಚೆಪ್ರೂಫ್‌ನಲ್ಲಿ ಪೇಟೆ ರಸ್ತೆಯ ನಡುವೆಯೇ ಹಾಸಿರುವ ರೈಲು ಹಳಿ ನೋಡಿ, ಸೀ ಲೇಕ್, ಊಯೆನ್ ಮೇಲೆ ಮಿಲ್ಡೂರಾ. ವೈಚೆಪ್ರೂಫ್‌ನಲ್ಲಿ 43 ಮೀಟರಿನ ಒಂದು ಗುಡ್ಡ ಇದೆ, ಜಗತ್ತಿನ ಅತಿ ಚಿಕ್ಕ ಪರ್ವತ ಅಂತ ಊರಿನವರು ಹೆಮ್ಮೆಯಿಂದ ಬೋರ್ಡು ಹಾಕಿಕೊಂಡಿದ್ದಾರೆ. ಮಿಲ್ಡೂರಾ ಮರ್ರೇ ನದಿಯ ದಂಡೆಯ ಊರು. 1887ರಲ್ಲಿ ಚಾಫಿ ಸಹೋದರರು ಬಂದು ನೀರಾವರಿ ಶುರು ಮಾಡಿದ ಮೇಲೆ ದ್ರಾಕ್ಷಿ, ಕಿತ್ತಳೆ ತೋಟಗಳ ನಾಡಾಯಿತು. ನಮ್ಮವರು ವಿಜಯಪುರದ ಕಡೆಯವರು. ತೋಟದ ಬೇಲಿ ಕಂಡರೆ ಕಾರು ನಿಲ್ಲಿಸಿ ಗೊನೆ ನೋಡುತ್ತಾರೆ. ಅಲ್ಲಿಯ ಥಾಮ್ಸನ್ ಸೀಡ್‌ಲೆಸ್ಸೇ ಇಲ್ಲಿ ಸುಲ್ತಾನಾ ಅನ್ನುವ ಹೆಸರಿನಲ್ಲಿ ಒಣಗುತ್ತದೆ.

ಈ ಊರಲ್ಲಿ ಜನವರಿಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಕ್ಯಾನ್ವಾಸ್ ಗೋಡೆಗೆ ಹಗಲು ಬಿಸಿ ತಡೆಯುವ ಶಕ್ತಿ ಇಲ್ಲ, ಒಪ್ಪುತ್ತೇನೆ. ಮಧ್ಯಾಹ್ನ ಎರಡರಿಂದ ಆರರವರೆಗೆ ಒಳಗೆ ಕೂರುವ ಮಾತೇ ಇಲ್ಲ. ಏಸಿ ಹಾಕಿದರೆ ಸದ್ದು ಜಾಸ್ತಿ, ತಂಪು ಕಡಿಮೆ. ಆ ಹೊತ್ತನ್ನು ನದಿಯಲ್ಲೋ ಊರಿನ ಈಜುಕೊಳದಲ್ಲೋ ಲೈಬ್ರರಿಯಲ್ಲೋ ಕಳೆಯುತ್ತೇವೆ. ರಾತ್ರಿ ಕತೆ ಬೇರೆ. ಒಳನಾಡಿನ ಗಾಳಿ ಒಣ, ಸೂರ್ಯ ಮುಳುಗಿದ ಮೇಲೆ ಬೇಗ ತಣಿಯುತ್ತದೆ. ಕ್ಯಾನ್ವಾಸಿನ ಜಿಪ್‌ಗಳನ್ನು ನಾಲ್ಕೂ ಕಡೆ ತೆಗೆದು ಸೊಳ್ಳೆ ಪರದೆ ಮಾತ್ರ ಬಿಟ್ಟರೆ ಹಾಸಿಗೆಯ ಮೇಲೆ ಅಡ್ಡಗಾಳಿ ಆಡುತ್ತದೆ. ಪಕ್ಕದ ದೊಡ್ಡ ಕ್ಯಾರವಾನಿನವರು ಬೆಳಗಿನ ತನಕ ಏಸಿ ಓಡಿಸುತ್ತಿದ್ದರೆ ನಾವು ಮೂರು ಗಂಟೆಗೆ ಎದ್ದು ಹೊದಿಕೆ ಹುಡುಕುತ್ತೇವೆ.

ಫ್ರಿಜ್‌ಗೆ ಬರುತ್ತೇನೆ. ನಮಗೆ ಸಿಕ್ಕಿದ್ದು ಗ್ಯಾಸ್, ಕರೆಂಟು, ಕಾರಿನ 12 ವೋಲ್ಟ್, ಮೂರರಲ್ಲೂ ನಡೆಯುವಂಥದ್ದು. ಕೇಳಲು ಚೆಂದ. ಇದರೊಳಗೆ ಕಂಪ್ರೆಸರ್ ಇಲ್ಲ. ಅಮೋನಿಯಾ ದ್ರಾವಣವನ್ನು ಬಿಸಿ ಮಾಡಿ ಆ ಮೂಲಕ ತಂಪು ಮಾಡುವ ಹಳೇ ವಿಧಾನ. ಒಳಗಿನ ಬಿಸಿಯನ್ನು ಹಿಂದಿನ ಜಾಲರಿಯಿಂದ ಹೊರಗೆ ಬಿಡಬೇಕು. ಹೊರಗೇ 42 ಡಿಗ್ರಿ ಇದ್ದರೆ ಬಿಡುವುದೆಲ್ಲಿಗೆ? ಮಿಲ್ಡೂರಾದಲ್ಲಿ ಬೆಳಗ್ಗೆ ಹೆಪ್ಪಾದ ಮೊಸರು ಸಂಜೆಗೆ ಮುಖ ಕಿವುಚುವಷ್ಟು ಹುಳಿ. ಹಾಲು ಒಡೆಯಿತು, ಕೊತ್ತಂಬರಿ ಬಾಡಿತು. ಗಾಡಿ ಸ್ವಲ್ಪ ಓರೆಯಾಗಿ ನಿಂತರೂ ಇದು ಸರಿಯಾಗಿ ನಡೆಯುವುದಿಲ್ಲ, ಮಟ್ಟಗೋಲು ಇಟ್ಟು ನೋಡಿಯೇ ನಿಲ್ಲಿಸಬೇಕು. ನಮ್ಮವರು ಹಿಂದಿನ ಜಾಲರಿಗೆ ಕಂಪ್ಯೂಟರಿನ ಎರಡು ಪುಟ್ಟ ಫ್ಯಾನ್ ಕೂರಿಸಿದರು, ನಾಲ್ಕೈದು ಡಿಗ್ರಿ ಇಳಿಯಿತು. ಫ್ರಿಜ್ ಇರುವ ಬದಿ ಪಶ್ಚಿಮಕ್ಕೆ ಬಾರದ ಹಾಗೆ ಗಾಡಿ ನಿಲ್ಲಿಸುವುದರಿಂದ ಇನ್ನಷ್ಟು ಅನುಕೂಲ. ಕೊನೆಗೆ ಕಾರಿನ ಡಿಕ್ಕಿಗೆ 40 ಲೀಟರಿನ ಕಂಪ್ರೆಸರ್ ಫ್ರಿಜ್ ಬೇರೆ ಕೊಂಡೆವು. ಈಗ ಮೊಸರು, ಹಾಲು, ಹಿಟ್ಟು ಅದರಲ್ಲಿ, ಗಾಡಿಯ ಫ್ರಿಜ್‌ನಲ್ಲಿ ನೀರಿನ ಬಾಟಲಿ ಮತ್ತು ಉಪ್ಪಿನಕಾಯಿ. ಬೇಸಿಗೆಯಲ್ಲೇ ತಿರುಗುವವರು ಮೊದಲಿನಿಂದಲೇ 12 ವೋಲ್ಟಿನ ಕಂಪ್ರೆಸರ್ ಫ್ರಿಜ್, ಅದಕ್ಕೆ ತಕ್ಕ ಲಿಥಿಯಂ ಬ್ಯಾಟರಿ, ಸೋಲಾರ್ ಇರುವ ಗಾಡಿಯನ್ನೇ ಕೇಳಿ. ಹಾಸಿಗೆ ಬೇಕಾದರೆ ಆಮೇಲೆ ಬದಲಾಯಿಸಬಹುದು.

ಅಡುಗೆ ಮನೆಗೆ ನನ್ನ ಪೂರ್ತಿ ಅಂಕ. ಮೂರು ಗ್ಯಾಸ್ ಒಲೆ, ಒಂದು ಕರೆಂಟ್ ಒಲೆ. ಒಗ್ಗರಣೆಯನ್ನು ಮಾತ್ರ ಒಳಗೆ ಹಾಕಬೇಡಿ, ಒಣಮೆಣಸಿನಕಾಯಿ ಬಿದ್ದ ಕೂಡಲೇ ಹೊಗೆ ಅಲಾರಂ ಕಿರುಚುತ್ತದೆ, ಇಂಗಿನ ವಾಸನೆ ದಿಂಬಿಗೆ ಹತ್ತಿ ವಾರವಾದರೂ ಬಿಡುವುದಿಲ್ಲ. ಹೊರಗೆ ಆನಿಂಗ್, ಅಂದರೆ ಗಾಡಿಯ ಬದಿಗೆ ಬಿಚ್ಚುವ ಬಟ್ಟೆ ಚಪ್ಪರದ ಕೆಳಗೆ ಸಣ್ಣ ಇಂಡಕ್ಷನ್ ಒಲೆ ಇಟ್ಟುಕೊಂಡು ಮಾಡುತ್ತೇನೆ. ಕುಕ್ಕರ್ ಮೂರು ವಿಸಿಲ್ ಹಾಕಿತೆಂದರೆ ಕ್ಯಾರವಾನ್ ಪಾರ್ಕಿನ, ಅಂದರೆ ಗಾಡಿಗಳು ತಂಗುವ ಜಾಗದ, ಮಕ್ಕಳು ಸೈಕಲ್ ನಿಲ್ಲಿಸಿ ನೋಡುತ್ತಾರೆ. ವೆಂಟ್‌ವರ್ತ್‌ನಲ್ಲಿ, ಡಾರ್ಲಿಂಗ್ ನದಿ ಮರ್ರೇ ಸೇರುವ ಊರಿನಲ್ಲಿ, ಪಕ್ಕದ ಗಾಡಿಯ ಅಜ್ಜಿಯೊಬ್ಬರು ಏನೋ ಕೆಟ್ಟಿದೆ ಅಂತ ಓಡಿ ಬಂದರು. ಬಿಸಿಬೇಳೆ ಭಾತ್ ತಿಂದುಕೊಂಡು ಹೋದರು. ಇನ್ನೊಂದು ಮಾತು, ಕಾಡ್ಗಿಚ್ಚಿನ ಭಯಕ್ಕೆ ಟೋಟಲ್ ಫೈರ್ ಬ್ಯಾನ್ ಘೋಷಿಸಿದ ದಿನ ಸೌದೆ, ಇದ್ದಿಲು ಮುಟ್ಟುವ ಹಾಗಿಲ್ಲ. ಆ ದಿನಗಳಲ್ಲಿ ಬೆಂಕಿಯ ಎಚ್ಚರಿಕೆ ಕೊಡುವ ವಿಕ್‌ಎಮರ್ಜೆನ್ಸಿ ಆ್ಯಪ್ ನೋಡದೆ ನಾವು ಗಾಡಿ ಕದಲಿಸುವುದಿಲ್ಲ.

ಮಿಲ್ಡೂರಾದಿಂದ ಸೌತ್ ಆಸ್ಟ್ರೇಲಿಯಾದ ರೆನ್‌ಮಾರ್ಕ್ ಕಡೆ ಹೋಗುವವರು ಯಾಂಬಾ ತಪಾಸಣಾ ಠಾಣೆಯನ್ನು ನೆನಪಿಡಿ. ಹಣ್ಣಿನ ನೊಣ ಒಳಗೆ ಬರಬಾರದೆಂದು ಪ್ರತಿ ಗಾಡಿಯ ಫ್ರಿಜ್ ತೆಗೆಸಿ ನೋಡುತ್ತಾರೆ. ಮಾವು ಬಿಡಿ, ಟೊಮೆಟೊ, ಹಸಿಮೆಣಸಿನಕಾಯಿ ಕೂಡ ದಾಟುವಂತಿಲ್ಲ, ಮುಚ್ಚಿಟ್ಟರೆ ದಂಡ. ಹಿಂದಿನ ರಾತ್ರಿಯೇ ಮೆಣಸಿನಕಾಯೆಲ್ಲ ಬೋಂಡ ಮಾಡಿ, ಮಾವನ್ನು ಸೀಕರಣೆ ಮಾಡಿ ಮುಗಿಸುವುದು ನಮ್ಮ ಪದ್ಧತಿ. ಗಡಿ ದಾಟಿದರೆ ಗಡಿಯಾರ ಅರ್ಧ ಗಂಟೆ ಹಿಂದಕ್ಕೆ, ಅದೊಂದು ಲಾಭ.

ಮಣ್ಣು ರಸ್ತೆಗೆ ಇದು ಆಗಿಬರುವುದಿಲ್ಲ. ನಮ್ಮ ವಾರಂಟಿ ಪುಸ್ತಕದಲ್ಲೇ ಹಾಗೆ ಬರೆದಿದೆ. ಮಿಲ್ಡೂರಾದಿಂದ ಸುಮಾರು 110 ಕಿ.ಮೀ. ದೂರದಲ್ಲಿ ಮಂಗೊ ರಾಷ್ಟ್ರೀಯ ಉದ್ಯಾನ ಇದೆ. ಸಾವಿರಾರು ವರ್ಷಗಳ ಹಿಂದೆಯೇ ಒಣಗಿದ ಕೆರೆ, ದಂಡೆಯಲ್ಲಿ ಬಿಳಿ ಮರಳಿನ ಗೋಡೆ. 1974ರಲ್ಲಿ ಇಲ್ಲಿ ಸಿಕ್ಕ ಮನುಷ್ಯನ ಅಸ್ಥಿ ಸುಮಾರು 42,000 ವರ್ಷ ಹಳೆಯದು. ಕ್ಯಾರವಾನನ್ನು ಮಿಲ್ಡೂರಾದ ಪಾರ್ಕಿನಲ್ಲೇ ಬಿಟ್ಟು ಕಾರಿನಲ್ಲಿ ಹೋಗಿ ಬಂದೆವು. ಆದರೂ ಒಂದು ಸಲ ನದಿ ದಂಡೆಯಲ್ಲಿ ಬಾಡಿಗೆಯಿಲ್ಲದೆ ತಂಗುವ ಫ್ರೀ ಕ್ಯಾಂಪಿಗೆ ನಾಲ್ಕೇ ಕಿಲೋಮೀಟರ್ ಜಲ್ಲಿ ರಸ್ತೆಯಲ್ಲಿ ಎಳೆದಿದ್ದಕ್ಕೆ, ಬಾಗಿಲಿನ ಕೆಳಗಿನ ಗ್ಯಾಸ್ ಜಾಲರಿಯಿಂದ ಕೆಂಪು ಧೂಳು ನುಗ್ಗಿ, ಮಡಿಸಿಟ್ಟ ಹಾಸಿಗೆ ವಸ್ತ್ರದ ಪ್ರತಿ ಮಡಿಕೆಯಲ್ಲೂ ಗೆರೆ ಎಳೆದಿತ್ತು. ರಾಗಿ ಹಿಟ್ಟಿನ ಡಬ್ಬಿಯ ಮುಚ್ಚಳದ ಸುತ್ತಲೂ ಅದೇ. ಕೆಲವರು ಓಡುವಾಗ ಆ ಜಾಲರಿಗೆ ಟೇಪ್ ಅಂಟಿಸುತ್ತಾರೆ. ಹಾಗೆ ಮಾಡಿದರೆ ಒಲೆ ಹಚ್ಚುವ ಮುಂಚೆ ಕಿತ್ತು ಹಾಕಲೇಬೇಕು, ಅದು ಗ್ಯಾಸ್ ಹೊರಗೆ ಹೋಗಲೆಂದೇ ಇಟ್ಟಿರುವುದು.

ತಯಾರಿಕೆಯ ಗುಣಮಟ್ಟಕ್ಕೆ ಹತ್ತಕ್ಕೆ ಆರು. ಮೊದಲ ವರ್ಷವೇ ಮುಂದಿನ ಕಿಟಕಿಯ ಸೀಲ್ ಸೋರಿ ಒಳಗಿನ ಪ್ಲೈವುಡ್ ಉಬ್ಬಿತು. ಡ್ರಾಯರ್‌ಗಳ ಕೊಂಡಿ ಒಂದೊಂದಾಗಿ ಕೈಕೊಟ್ಟವು, ತಿರುವಿನಲ್ಲಿ ಚಮಚಗಳೆಲ್ಲ ನೆಲದ ಮೇಲೆ. ಮಾರಿದವರಿಗೆ ಫೋನ್ ಮಾಡಿದರೆ ತಂದು ಬಿಟ್ಟು ಹೋಗಿ, ಮಾರ್ಚ್ ತಿಂಗಳಲ್ಲಿ ನೋಡೋಣ ಅಂದರು. ನಾವಿದ್ದದ್ದು 500 ಕಿ.ಮೀ. ದೂರದಲ್ಲಿ. ಸಣ್ಣ ಊರಿನ ರಿಪೇರಿಯವರೊಬ್ಬರು ಮರುದಿನವೇ ಸೀಲ್ ಬದಲಾಯಿಸಿಕೊಟ್ಟರು. ಆ ಬಿಲ್ಲು ವಸೂಲಾಗಲು ಮೂರು ತಿಂಗಳು, ಇಮೇಲುಗಳಂತೂ ಲೆಕ್ಕವಿಲ್ಲ. ಏನೇ ಕೆಟ್ಟರೂ ಫೋಟೊ ತೆಗೆದು ಅದೇ ದಿನ ಬರಹದಲ್ಲಿ ತಿಳಿಸಿ.

ಹಿಂದಕ್ಕೆ ತೆಗೆಯುವುದು ಸಣ್ಣ ಗಾಡಿಯಾದರೂ ಸುಲಭವಲ್ಲ. ಸ್ಟೀರಿಂಗಿನ ಕೆಳಭಾಗ ಹಿಡಿದುಕೊಳ್ಳಿ, ಕೈ ಯಾವ ಕಡೆ ಹೋದರೆ ಕ್ಯಾರವಾನಿನ ಹಿಂಭಾಗವೂ ಆ ಕಡೆ. ಸಂಜೆ ಐದು ಗಂಟೆಗೆ ಪಾರ್ಕಿನವರೆಲ್ಲ ಕುರ್ಚಿ ಹಾಕಿಕೊಂಡು ಕೂತಿರುವಾಗ ಇವರು ಕಿಟಕಿಯಿಂದ ತಲೆ ಹಾಕಿ, "ಇನ್ನ ಎಷ್ಟ ಐತಿ?" ಅಂತ ಕೂಗುತ್ತಾರೆ. ನಾನು "ಬನ್ನಿ, ಬನ್ನಿ, ಇನ್ನೂ ಬನ್ನಿ... ರೀ, ನಿಲ್ಲಿಸಿ! ಮರ!" ಅನ್ನುತ್ತೇನೆ. ಆಮೇಲೆ ಎರಡು ವಾಕಿಟಾಕಿ ತಂದೆವು. ಇಬ್ಬರ ಗಂಟಲೂ ಉಳಿಯಿತು.

ಖರ್ಚಿನ ಬಗ್ಗೆ ಮುಚ್ಚುಮರೆ ಬೇಡ. ಮಾಮೂಲಿ ದಿನಗಳಲ್ಲಿ 50 ಡಾಲರಿಗೆ ಸಿಗುವ ಪವರ್ಡ್ ಸೈಟ್, ಅಂದರೆ ಕರೆಂಟಿರುವ ಜಾಗಕ್ಕೆ, ಕ್ರಿಸ್‌ಮಸ್ ವಾರದಲ್ಲಿ 80 ಕೇಳುತ್ತಾರೆ, ಅದೂ ಐದು ರಾತ್ರಿ ಕಡ್ಡಾಯ ಅನ್ನುವವರಿದ್ದಾರೆ. ಊರೂರಿನ ಮೇಳದ ಮೈದಾನವಾದ ಶೋಗ್ರೌಂಡ್‌ಗಳಲ್ಲಿ ಅರ್ಧ ಬೆಲೆಗೆ ಕರೆಂಟು, ನೀರು, ಸ್ನಾನ ಎಲ್ಲ ಸಿಗುತ್ತದೆ, ಜನವೂ ಕಡಿಮೆ. ಇದರ ಮೇಲೆ ಗಾಡಿ ನಿಲ್ಲಿಸುವ ಬಾಡಿಗೆ. ಟಾರ್ನೀಟ್‌ನ ನಮ್ಮ ಅಂಗಳದಲ್ಲಿ ಇದು ಹಿಡಿಸುವುದಿಲ್ಲ, ಯಾರ್ಡಿಗೆ ತಿಂಗಳು ತಿಂಗಳು ಕಟ್ಟುತ್ತೇವೆ. ಮನೆಯಲ್ಲೇ ನಿಲ್ಲಿಸುವವರು 15 ಆಂಪಿಯರ್ ಪ್ಲಗ್ ಪಾಯಿಂಟ್ ಹಾಕಿಸಬೇಕು. ಕ್ಯಾರವಾನ್ ಪ್ಲಗ್ಗಿನ ಅರ್ಥ್ ಪಿನ್ ಅಗಲ, ಮನೆಯ ಮಾಮೂಲಿ 10 ಆಂಪಿಯರಿನದಕ್ಕೆ ಇಳಿಯುವುದಿಲ್ಲ. ವರ್ಷಕ್ಕೆ ಒಂದೇ ವಾರ ಹೋಗುವವರಾದರೆ ಬಾಡಿಗೆಗೆ ತಗೊಳ್ಳಿ, ಕೊಳ್ಳಬೇಡಿ.

ಎಲ್ಲರೂ ಕೇಳುವುದು, ಊರಿನಿಂದ ಅಪ್ಪ-ಅಮ್ಮ ಬಂದರೆ ಏನು ಮಾಡುತ್ತೀರಿ ಅಂತ. ಇದರಲ್ಲಿ ಮಲಗಲು ಜಾಗ ಇಬ್ಬರಿಗೇ. ಊಟದ ಮೇಜು ಇಳಿಸಿ ಹಾಸಿಗೆ ಮಾಡಬಹುದು ಅಂತ ಬ್ರೋಷರ್ ಹೇಳುತ್ತದೆ, ಅದರ ಮೇಲೆ ಆರು ವರ್ಷದ ಮಗು ಮಲಗೀತು. ಅತ್ತೆ-ಮಾವ ಬಂದ ಬೇಸಿಗೆ ಅದೇ ಪಾರ್ಕಿನಲ್ಲಿ ಅವರಿಗೆ ಒಂದು ಕ್ಯಾಬಿನ್ ಹಿಡಿದೆವು. ಮಾವನವರು ಹಗಲೆಲ್ಲ ನಮ್ಮ ಆನಿಂಗ್ ಕೆಳಗೇ ಕೂತು ಬಂದುಹೋಗುವ ಗಾಡಿಗಳ ಉದ್ದ ಅಂದಾಜು ಮಾಡುತ್ತಿದ್ದರು. ಅತ್ತೆ ಒಳಗೆ ಬಂದು ಬೀರು, ಡ್ರಾಯರ್ ಎಲ್ಲ ತೆಗೆದು ನೋಡಿ, "ದೇವರ ಗೂಡೊಂದು ಇಲ್ಲ ನೋಡವಾ" ಅಂದರು. ಟಿವಿಗೆಂದು ಬಿಟ್ಟಿದ್ದ ಜಾಗದಲ್ಲಿ ಈಗ ಅದೇ ಇದೆ.