ನಾಲ್ಕು ಕುರ್ತಾ, ಎರಡು ವರ್ಷ: ಯಾವುದು ಉಳಿಯಿತು?

ಎರಡು ವರ್ಷದ ಹಿಂದೆ, ನಾಲ್ಕು ತಿಂಗಳೊಳಗೆ ನಾಲ್ಕು ಕುರ್ತಾ ಮಾಡಿಸಿಕೊಂಡೆ. ಒಂದು ಖಾದಿ, ಮೀಟರ್ ಲೆಕ್ಕದಲ್ಲಿ ಬಟ್ಟೆ ತಂದು ನಮ್ಮ ಬೀದಿಯ ಟೈಲರ್ ಹತ್ತಿರ ಹೊಲಿಸಿದ್ದು. ಇನ್ನೊಂದು ಕೈಮಗ್ಗದ್ದು, ಅಡಿಕೆ ಬೇಯಿಸಿದ ರಸದಲ್ಲಿ, ಅಂದರೆ ಚೊಗರಿನಲ್ಲಿ ಬಣ್ಣ ಕಟ್ಟಿದ್ದು. ಮೂರನೆಯದು ಸಾವಯವ ಹತ್ತಿಯ ಮಿಲ್ ಬಟ್ಟೆ, ಆನ್‌ಲೈನ್‌ನಲ್ಲಿ ತರಿಸಿದ ರೆಡಿಮೇಡ್. ಕೊನೆಯದು ಬಿದಿರಿನ ನಾರಿನದು ಅಂತ ಹೇಳಿ ಮಾರಿದ್ದು. ಈ ಮೂರರ ಮೇಲೂ ‘ಪರಿಸರ ಸ್ನೇಹಿ’ ಅನ್ನುವ ಚೀಟಿ ಇತ್ತು. ಖಾದಿಗೆ ಬಿಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಬೆಂಗಳೂರಿನಲ್ಲಿ ಪಾಠ ಹೇಳುವವಳು. ವಾರಕ್ಕೆ ಆರು ದಿನ ಬಸ್ಸು, ದಿನಕ್ಕೆ ನಾಲ್ಕೈದು ತಾಸು ನಿಂತೇ ಕೆಲಸ, ಕೈಗೆ ಚಾಕ್‌ಪುಡಿ. ನಾಲ್ಕನ್ನೂ ಸರದಿಯ ಮೇಲೆ ಉಟ್ಟೆ. ಎಲ್ಲವನ್ನೂ ಬಕೆಟ್ಟಿನಲ್ಲಿ ತಣ್ಣೀರಿಗೆ ನೆನೆಸಿ, ಕೈಯಲ್ಲೇ ಒಗೆದು, ನೆರಳಲ್ಲಿ ಒಣಗಿಸಿದೆ. ಒಗೆದ ದಿನ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಿದ್ದೆ.

ಮೊದಲ ದಿನ ಗೆದ್ದದ್ದು ಬಿದಿರಿನದು. ಅಷ್ಟು ಮೆತ್ತಗೆ, ಅಷ್ಟು ತಂಪು. ಏಪ್ರಿಲ್ ಬಿಸಿಲಲ್ಲಿ ಬಸ್ಸಿನಿಂದ ಇಳಿದಾಗ ಬೆನ್ನಿಗೆ ಅಂಟುತ್ತಿರಲಿಲ್ಲ. ಹತ್ತನೇ ಒಗೆತದ ಹೊತ್ತಿಗೆ ತೋಳಿನ ಕೆಳಗೆ ಸಣ್ಣ ಸಣ್ಣ ಗಂಟು ಏಳತೊಡಗಿದವು. ಮೂವತ್ತರ ಹೊತ್ತಿಗೆ ಕುತ್ತಿಗೆ ಜೋತುಬಿದ್ದು, ಕೆಳಗಿನ ಅಂಚು ಒಂದು ಕಡೆ ಇಳಿದಿತ್ತು. ಒದ್ದೆಯಿದ್ದಾಗ ಹಿಂಡಿದ್ದೇ ತಪ್ಪಾಗಿತ್ತು ಅಂತ ಆಮೇಲೆ ತಿಳಿಯಿತು. ಇದು ವಿಸ್ಕೋಸ್, ಅಂದರೆ ಗಿಡಮರದ ತಿರುಳು ಕರಗಿಸಿ ಮಾಡಿದ ನೂಲು. ವಿಸ್ಕೋಸ್ ನೀರಲ್ಲಿ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಹತ್ತಿಯದು ತದ್ವಿರುದ್ಧ, ನೆನೆದಾಗ ಇನ್ನಷ್ಟು ಗಟ್ಟಿಯಾಗುತ್ತದೆ.

ಬಿದಿರು ಹೇಗೆ ವಿಸ್ಕೋಸ್ ಆಗುತ್ತದೆ ಅಂತ ಓದಿಕೊಂಡು ಹೋದಾಗ ನನಗೆ ನಿಜಕ್ಕೂ ಬೇಸರವಾಯಿತು. ಬಿದಿರನ್ನು ತಿರುಳು ಮಾಡಿ, ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಎಂಬ ವಿಷಕಾರಿ ದ್ರವ ಸೇರಿಸಿ ಕರಗಿಸುತ್ತಾರೆ. ಆ ಅಂಟನ್ನು ಸಣ್ಣ ತೂತುಗಳಿಂದ ಆಮ್ಲದ ತೊಟ್ಟಿಗೆ ಬಿಟ್ಟು ಎಳೆ ಮಾಡುತ್ತಾರೆ. ಕೊನೆಗೆ ಕೈಗೆ ಸಿಗುವ ಎಳೆಯಲ್ಲಿ ಬಿದಿರಿನ ಗುಣ ಅಂತ ಹೇಳಿಕೊಳ್ಳುವುದು ಏನೂ ಉಳಿದಿರುವುದಿಲ್ಲ. ನೀಲಗಿರಿಯಿಂದ ಮಾಡಿದರೂ ಅದೇ, ಬಿದಿರಿನಿಂದ ಮಾಡಿದರೂ ಅದೇ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರಲ್ಲಿ ಇಂಥ ರೇಯಾನನ್ನು (ವಿಸ್ಕೋಸಿಗೆ ಇನ್ನೊಂದು ಹೆಸರು) ‘ಬಿದಿರು’ ಎಂದು ಮಾರಿದ್ದಕ್ಕೆ ಎರಡು ದೊಡ್ಡ ಅಂಗಡಿ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡು, ಒಟ್ಟು 55 ಲಕ್ಷ ಡಾಲರ್ ದಂಡ ಕಟ್ಟಿಸಿತು.

ಈ ನೂಲಿನ ಕತೆ ನಮ್ಮ ಮನೆಗೂ ತಾಗಿದ್ದು. ನನ್ನವ್ವನ ತವರು ಹಾನಗಲ್ ಕಡೆ. 1984ರಲ್ಲಿ ರಾಜ್ಯ ಸರ್ಕಾರ ಒಂದು ಖಾಸಗಿ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿ, ಹರಿಹರದಲ್ಲಿ ಇಂಥದೇ ನೂಲಿಗೆ ಬೇಕಾದ ತಿರುಳಿನ ಸಲುವಾಗಿ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಅದಕ್ಕೆ ಕೊಟ್ಟಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದಿದ್ದ ಆ ಹೋರಾಟ ಸುಪ್ರೀಂ ಕೋರ್ಟಿನ ತನಕ ಹೋಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು. ಮೆತ್ತನೆಯ ಕುರ್ತಾ ತೋರಿಸಿ, ಇದೂ ಅಂಥದೇ ನೂಲು ಅಂದಾಗ ಅವ್ವ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, “ದನಾ ಮೇಯೂ ಜಾಗಾ ಎಲ್ಲಾ ಇದಕ್ಕ ಹೋಗಿತ್ತೇನವಾ?” ಅಂದಳು. ಆ ಕುರ್ತಾಕ್ಕೆ ನಾನು 1,600 ರೂಪಾಯಿ ಕೊಟ್ಟಿದ್ದೆ. ಇನ್ನೊಂದು ಕೊಳ್ಳಲಿಲ್ಲ.

ಮೆತ್ತನೆಯ ಬಟ್ಟೆಯೇ ಬೇಕು ಅನ್ನುವವರು ಚೀಟಿಯ ಮೇಲೆ ಲಯೋಸೆಲ್ ಎಂದಿದೆಯೇ ನೋಡಿ. ಅದೂ ಮರದ ತಿರುಳೇ, ಆದರೆ ಕರಗಿಸುವ ದ್ರಾವಣವನ್ನು ಮರಳಿ ಹಿಡಿದು ಮತ್ತೆ ಬಳಸುತ್ತಾರೆ, ಕಾರ್ಬನ್ ಡೈಸಲ್ಫೈಡ್ ಬೇಕಿಲ್ಲ. ನಾನು ಅದನ್ನು ಉಟ್ಟು ನೋಡಿಲ್ಲ.

ಸಾವಯವ ಹತ್ತಿಯದರ ಬಗ್ಗೆ ಉಡುವವಳಾಗಿ ನನಗೆ ಒಂದೂ ದೂರಿಲ್ಲ. ಅಳತೆ ಸರಿ, ಬಣ್ಣ ಎರಡು ವರ್ಷಕ್ಕೂ ಹಾಗೇ, ಇಸ್ತ್ರಿ ಹಾಕದಿದ್ದರೂ ನಡೆಯುತ್ತದೆ. ಅದರ ಮೇಲೆ ಗಾಟ್ಸ್ (GOTS) ಎಂಬ, ಸಾವಯವ ಬಟ್ಟೆಗೆ ಪ್ರಮಾಣ ಕೊಡುವ ಅಂತರರಾಷ್ಟ್ರೀಯ ಸಂಸ್ಥೆಯ ಮುದ್ರೆ ಇತ್ತು. ಆ ಮುದ್ರೆಗೆ ನೂರಕ್ಕೆ ಕನಿಷ್ಠ 70 ಪಾಲು ಸಾವಯವ ನಾರು ಇರಬೇಕು. ‘ಸಾವಯವ’ ಎಂದು ಮಾತ್ರ ಬರೆದಿದ್ದರೆ 95 ಪಾಲು. ಕೆಳಗೆ ಪರವಾನಗಿ ಸಂಖ್ಯೆ ಇರುತ್ತದೆ, ಅವರ ಜಾಲತಾಣದಲ್ಲಿ ಹಾಕಿ ಹುಡುಕಬಹುದು. ನಾನು ಹುಡುಕಿದೆ, ಸಿಕ್ಕಿತು. ಆದರೆ 2020ರಲ್ಲಿ ನಮ್ಮ ದೇಶದಲ್ಲೇ 20,000 ಟನ್ ಹತ್ತಿಗೆ ಸುಳ್ಳು ಪ್ರಮಾಣಪತ್ರ ಬಂದಿದ್ದನ್ನು ಆ ಸಂಸ್ಥೆಯೇ ಪತ್ತೆಹಚ್ಚಿ ಹೇಳಿತ್ತು. ಮುದ್ರೆ ಇದ್ದರೆ ಮುದ್ರೆ ಇಲ್ಲದ್ದಕ್ಕಿಂತ ಮೇಲು, ಅಷ್ಟೇ ಅಂತ ನಾನು ತಿಳಿದುಕೊಂಡಿದ್ದೇನೆ.

ಹೊಲಿದವರು ಯಾರು ಅನ್ನುವುದಕ್ಕೆ ಮಾತ್ರ ಉತ್ತರ ಸಿಗಲಿಲ್ಲ. ಮಾರಿದವರಿಗೆ ಎರಡು ಸಲ ಮೇಲ್ ಬರೆದೆ. ಹತ್ತಿಯ ಬಗ್ಗೆ ಉದ್ದದ ಉತ್ತರ ಬಂತು, ಕೂಲಿಯ ಬಗ್ಗೆ ಒಂದು ಸಾಲೂ ಇಲ್ಲ. ಬೆಂಗಳೂರಿನಲ್ಲಿ ಇದ್ದುಕೊಂಡು ಈ ಪ್ರಶ್ನೆಯನ್ನು ಬಿಡುವುದು ನನಗೆ ಕಷ್ಟ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಪೂರ್ತಿ ತೆಗೆಯಲು 58 ವರ್ಷ ಆಗಬೇಕು ಅನ್ನುವ ಹೊಸ ನಿಯಮದ ವಿರುದ್ಧ, ಹೊಸೂರು ರಸ್ತೆಗೆ ಇಳಿದು ಎರಡು ದಿನ ಊರನ್ನೇ ನಿಲ್ಲಿಸಿದ್ದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಬೆಳಿಗ್ಗೆ ನನ್ನ ಬಸ್ಸಿನಲ್ಲಿ ಬುತ್ತಿ ಹಿಡಿದು ನಿಲ್ಲುವವರೂ ಅವರೇ. ಹತ್ತಿ ಬೆಳೆದ ಹೊಲಕ್ಕೆ ವಿಷ ಹಾಕಿಲ್ಲ ಅಂತ ಹೇಳುವ ಚೀಟಿ, ಅದನ್ನು ಹೊಲಿದ ಕೈಗೆ ಎಷ್ಟು ಸಿಕ್ಕಿತು ಅಂತಲೂ ಹೇಳಬೇಕು.

ಚೊಗರಿನ ಕುರ್ತಾ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಎಲ್ಲಕ್ಕಿಂತ ಹೆಚ್ಚು ಜೋಪಾನ ಕೇಳಿದ್ದೂ ಅದೇ. ಮಲೆನಾಡಿನಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿದಾಗ ಉಳಿಯುವ ಕೆಂಪು ರಸ ಚೊಗರು. ಸಾಗರದ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ 1996ರಲ್ಲಿ ಶುರುವಾದ ಚರಕ ಸಂಘದ ಹೆಣ್ಣುಮಕ್ಕಳು ಈ ಬಣ್ಣವನ್ನು ಪೇಟೆಯವರಿಗೂ ಪರಿಚಯಿಸಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಎಂದು ಚರಕವನ್ನು ಕಟ್ಟಿದ ರಂಗಕರ್ಮಿ ಪ್ರಸನ್ನ ಸತ್ಯಾಗ್ರಹಕ್ಕೆ ಕೂತದ್ದೂ ಅಲ್ಲಿಯ ಕೆಲಸದಿಂದ ಬೆಳೆದು ಬಂದ ಮಾತೇ.

ಚೊಗರಿನಲ್ಲಿ ಒಗರು ಇರುತ್ತದಲ್ಲ, ಆ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ನೀರು ಬಕೆಟ್ಟಿನ ತಳದಲ್ಲಿ ತುಕ್ಕಿನ ಬಣ್ಣ ಬಿಡುತ್ತದೆ. ಐದಾರು ಒಗೆತದಲ್ಲಿ ಇಟ್ಟಿಗೆ ಕೆಂಪು ಇದ್ದದ್ದು ಕಾಫಿ ಬಣ್ಣಕ್ಕೆ ತಿರುಗಿತು. ಅಲ್ಲಿಂದ ಮುಂದೆ ಕಾವೇರಿ ನೀರಿಗೆ ಮಾತ್ರ ಹಾಕಿದೆ. ಚಿತ್ರಾನ್ನಕ್ಕೆ ನಿಂಬೆ ಹಿಂಡುವಾಗ ಎದೆಯ ಮೇಲೆ ಒಂದು ಹನಿ ಸಿಡಿದದ್ದು ಇವತ್ತಿಗೂ ತಿಳಿ ಕಲೆಯಾಗಿ ಕೂತಿದೆ. ಮೊದಲ ಸಲ ಬೇರೆ ಬಟ್ಟೆ ಜೊತೆ ನೆನೆಸಬೇಡಿ, ಬಿಸಿಲಿಗೆ ಹಾಕಬೇಡಿ, ಸೋಪಿನ ಪುಡಿ ನೇರ ಉದುರಿಸಬೇಡಿ. ಇಷ್ಟು ಮಾಡಿದರೆ ಬಣ್ಣ ಹೋಗುವುದು ನಿಧಾನ, ಹೋಗುವುದೂ ಚೆಂದ. ಐವತ್ತೆರಡು ಒಗೆತ ಕಂಡಿದೆ, ಒಂದು ಎಳೆ ಬಿಟ್ಟಿಲ್ಲ. ಬೆಲೆ 1,450. ಪರೀಕ್ಷೆ ಇರುವ ದಿನ, ಊಟದ ಡಬ್ಬಿಯಲ್ಲಿ ನಿಂಬೆ ಇಲ್ಲದ ದಿನ ಅದನ್ನೇ ಉಡುತ್ತೇನೆ.

ಕೈಮಗ್ಗ ಅಂದರೆ ನೇಯ್ದದ್ದು ಕೈಯಲ್ಲಿ. ನೂಲು ಸಾಮಾನ್ಯವಾಗಿ ಮಿಲ್ಲಿನದೇ. ಖಾದಿ ಅಂದರೆ ನೂತದ್ದೂ ಕೈಯಲ್ಲಿ, ನೇಯ್ದದ್ದೂ ಕೈಯಲ್ಲಿ. ಎರಡನ್ನೂ ಒಂದೇ ಅಂದುಕೊಂಡವರು ನನ್ನ ಸ್ಟಾಫ್‌ರೂಮಿನಲ್ಲೇ ಆರು ಜನ ಇದ್ದರು. ಖಾದಿ ಅಂಗಡಿಯಲ್ಲಿ ಸಿಗುವುದೆಲ್ಲ ಬರೀ ಹತ್ತಿಯೂ ಅಲ್ಲ. ಪಾಲಿವಸ್ತ್ರ ಎಂಬುದು ಪಾಲಿಯೆಸ್ಟರ್ ಬೆರೆತದ್ದು, ಅದೇ ಕಪಾಟಿನಲ್ಲಿ ಇರುತ್ತದೆ. ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ಕಿತ್ತು ಮನೆಯಲ್ಲಿ ಬೆಂಕಿಗೆ ಹಿಡಿಯಿರಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಕೂಡ ಹತ್ತಿಯ ಹಾಗೇ ಉರಿಯುವುದರಿಂದ ಬಿದಿರಿನ ಬಟ್ಟೆಗೆ ಈ ಪರೀಕ್ಷೆ ನಡೆಯದು.

ನನ್ನ ಖಾದಿ ಬಂದದ್ದು ಊರಿಗೆ ಹೋದಾಗ ಹುಬ್ಬಳ್ಳಿಯಲ್ಲಿ. ಬೆಂಗೇರಿಯ ಖಾದಿ ಸಂಘ 1957ರದು, ರಾಷ್ಟ್ರಧ್ವಜ ತಯಾರಿಸುವ ಸಂಘ ಎಂದು ಹೆಸರಾದದ್ದು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಕೈನೂಲಿನ ಬಾವುಟ ಅಗ್ಗದ ಬಾವುಟದ ಜೊತೆ ಸೆಣಸಬೇಕಾಗಿದೆ. ಬಾವುಟ ನಾವು ದಿನಾ ಕೊಳ್ಳುವುದಿಲ್ಲ, ಅಂಗಿ ಕೊಳ್ಳುತ್ತೇವೆ. ಮೀಟರಿಗೆ 350ರಂತೆ ಎರಡೂವರೆ ಮೀಟರ್, ಹೊಲಿಗೆ 450.

ನೀರಿಗೆ ಹಾಕದೇ ಹೊಲಿಯಲು ಕೊಟ್ಟದ್ದು ನನ್ನ ತಪ್ಪು. ಮೊದಲ ಒಗೆತಕ್ಕೇ ಎರಡು ಇಂಚು ಕುಗ್ಗಿತು. ಗಂಜಿ ಹಾಕಿದ ಹಾಗೆ ಬಿರುಸು, ಕುತ್ತಿಗೆಯ ಹತ್ತಿರ ಚುಚ್ಚುತ್ತಿತ್ತು. ಮೊದಲ ಎರಡು ತಿಂಗಳು ನಾಲ್ಕರಲ್ಲಿ ನಾನು ಮನಸ್ಸಿಲ್ಲದೆ ಉಟ್ಟದ್ದು ಅದೊಂದನ್ನೇ. ಆಮೇಲೆ ಏನಾಯಿತೋ, ಹದಿನೈದನೇ ಒಗೆತದ ಸುಮಾರಿಗೆ ಬಟ್ಟೆ ಮೈಗೆ ಬಂತು. ಕೈನೂಲಿನ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ನಡುವೆ ಗಾಳಿ ಆಡುತ್ತದೆ. ಬೇಸಿಗೆಯಲ್ಲಿ ಬಿದಿರಿನದಕ್ಕಿಂತ ತಂಪು ಅಂತ ಈಗ ಹೇಳುತ್ತೇನೆ. ಅರವತ್ತೆಂಟು ಗೀಟು ಆಗಿದೆ. ತೋಳಿನ ಕಂಕುಳಲ್ಲಿ ಒಂದು ಸಲ ಪಿಸಿಯಿತು, ಉಳಿದ ಚೂರಿನಿಂದಲೇ ತೇಪೆ ಹಾಕಿಸಿದೆ. ಇಸ್ತ್ರಿ ಬೇಕೇ ಬೇಕು, ಅದಕ್ಕೆ ಕರೆಂಟೂ ಬೇಕು. ಅವ್ವನಿಗೆ ಮಂಡಿನೋವು, ನಿಂತು ಇಸ್ತ್ರಿ ಹಾಕಲಾರಳು. ಅವಳಿಗೆ ಸಾವಯವ ಹತ್ತಿಯ ಮಿಲ್ ಬಟ್ಟೆಯನ್ನೇ ಕೊಡಿಸಿದೆ, ಅದರಲ್ಲಿ ನನಗೆ ಅಳುಕಿಲ್ಲ.

ಖಾದಿಯೂ ಕೂಲಿಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು. ಒಂದು ಲಡಿ, ಅಂದರೆ ಸಾವಿರ ಮೀಟರ್ ನೂಲು ತೆಗೆದವರಿಗೆ ಸಿಗುತ್ತಿದ್ದದ್ದು 10 ರೂಪಾಯಿ. 2024ರ ಅಕ್ಟೋಬರ್ 2ರಿಂದ ಅದನ್ನು 12.50ಕ್ಕೆ, 2025ರ ಏಪ್ರಿಲ್ 1ರಿಂದ 15ಕ್ಕೆ ಏರಿಸಿದರು. ಒಂದು ಕಪ್ ಕಾಫಿಗೆ ಸಾವಿರ ಮೀಟರ್ ನೂಲು. ವ್ಯತ್ಯಾಸ ಇಷ್ಟೇ: ಇಲ್ಲಿ ಆ ಅಂಕಿ ಬಹಿರಂಗ, ಅದು ಸಾಲದು ಅಂತ ಕೇಳಲು ಒಂದು ಖಾದಿ ಆಯೋಗ ಇದೆ, ಸರ್ಕಾರ ಇದೆ. ಅಕ್ಟೋಬರ್‌ನ ರಿಯಾಯಿತಿಗೆ ಕಾಯದೆ ಪೂರ್ತಿ ಬೆಲೆಗೇ ಕೊಳ್ಳುತ್ತೇನೆ ಅನ್ನುವುದು ನಾನು ಮಾಡಿಕೊಂಡ ನಿಯಮ.

ಬಟ್ಟೆ ಆದ ಮೇಲೆ ಒಗೆಯುವುದಕ್ಕೆ ಬಂದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಶುದ್ಧವಾಗದ ಚರಂಡಿ ನೀರಿನ ಜೊತೆ ನಮ್ಮ ಮನೆಗಳ ಡಿಟರ್ಜೆಂಟೂ ಸೇರಿಯೇ ಆ ನೊರೆ. ಅಂಟುವಾಳ, ‘ಸಸ್ಯಜನ್ಯ’ ಎಂದು ಮಾರುವ ದ್ರವ, ಮಾಮೂಲಿ ಪುಡಿ, ಈ ಮೂರನ್ನೂ ತಿಂಗಳಿಗೊಂದರಂತೆ ಬಳಸಿದೆ. ಅಂಟುವಾಳದ ಸಿಪ್ಪೆ ಎಂಟು ಹತ್ತನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಕಿವುಚಿದರೆ ಒಂದು ಬಕೆಟ್ಟಿಗೆ ಸಾಕು. ಕಾವೇರಿ ನೀರಿನಲ್ಲಿ ನೊರೆ ಏಳುತ್ತದೆ, ಬೋರ್ ನೀರಿನಲ್ಲಿ ಸತ್ತುಹೋಗುತ್ತದೆ. ಕುದಿಸಿದ ರಸ ಮೂರು ದಿನಕ್ಕೆ ಹುಳಿ ವಾಸನೆ. ಚೊಗರಿನ ಕುರ್ತಾ, ರೇಷ್ಮೆ, ಅವ್ವನ ಇಳಕಲ್ ಸೀರೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಬಿಳಿ ಲುಂಗಿ, ಎಣ್ಣೆ ಕಲೆಯ ಟವೆಲ್ಲಿಗೆ ಸಾಲದು. ಸಸ್ಯಜನ್ಯ ದ್ರವ ಚೆನ್ನಾಗಿಯೇ ಒಗೆಯಿತು, ಆದರೆ ಒಳಗೆ ಏನಿದೆ ಅಂತ ಬಾಟಲಿಯ ಮೇಲೆ ಪೂರ್ತಿ ಬರೆದಿರಲಿಲ್ಲ. ಮಾಮೂಲಿ ಪುಡಿಯನ್ನು ಅರ್ಧ ಅಳತೆಗೆ ಇಳಿಸಿದೆ, ಒಗೆತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಈಗ ಮನೆಯಲ್ಲಿ ಇರುವುದು ಅಂಟುವಾಳ ಮತ್ತು ಆ ಅರ್ಧ ಅಳತೆ.

ಪಾತ್ರೆಗೆ ತೆಂಗಿನ ಜುಂಗು, ಒಣಗಿದ ಹೀರೆಕಾಯಿ ನಾರು ಎರಡೂ ನೋಡಿದೆ. ಜುಂಗು ಸ್ಟೀಲಿಗೆ, ಹೀರೆನಾರು ಗಾಜಿಗೆ. ಬಿದಿರಿನ ಹಲ್ಲುಜ್ಜುವ ಬ್ರಷ್ ಮಳೆಗಾಲದಲ್ಲಿ ಬುಡ ಕಪ್ಪಾಗಿ ಬೂಸಲು ಹಿಡಿಯಿತು. ಅದರ ಕೂದಲೂ ನೈಲಾನೇ.

ನೆಲ ಒರೆಸಲು ನಿಂಬೆ, ಕಿತ್ತಳೆ ಸಿಪ್ಪೆಯ ಹುಳಿ ಮಾಡಿದೆ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ನನ್ನ ಬಚ್ಚಲಿನ ಟೈಲ್ಸ್ ಫಳಫಳ ಆಯಿತು. ಆ ಖುಷಿಯಲ್ಲಿ ಒಂದು ಬಾಟಲಿ ಊರಿಗೂ ಒಯ್ದು, ನೀರು ಬೆರೆಸದೆಯೇ ಅಡುಗೆಮನೆಯ ಮೂಲೆಗೆ ಸುರಿದೆ. ಅಲ್ಲಿರುವುದು ಶಹಾಬಾದ್ ಕಲ್ಲು, ಸುಣ್ಣದ ಕಲ್ಲು. ಹುಳಿ ಬಿದ್ದಲ್ಲೆಲ್ಲ ಹೊಳಪು ಹೋಗಿ ಬೆಳ್ಳಗಾಯಿತು. ಕಡಪ ಕಲ್ಲಿನ ಕಟ್ಟೆಗೂ ಹಾಕಬೇಡಿ, ಅದೂ ಅದೇ ಜಾತಿ. ಅವ್ವ ಬೈಯಲಿಲ್ಲ, ಆ ಮೂಲೆಯ ಮೇಲೆ ಹಿಟ್ಟಿನ ಡಬ್ಬಿ ಇಟ್ಟಿದ್ದಾಳೆ.

ಒಳಉಡುಪಿಗೆ ಇನ್ನೂ ಸರಿಯಾದದ್ದು ಸಿಕ್ಕಿಲ್ಲ. ಇಲಾಸ್ಟಿಕ್ ಇಲ್ಲದೆ ಆಗದು, ಇಲಾಸ್ಟಿಕ್ ಅಂದರೆ ಸಾಮಾನ್ಯವಾಗಿ ಕೃತಕ ನಾರು ಸೇರಿರುತ್ತದೆ. ಯಾರಾದರೂ ದಿನಾ ಉಟ್ಟು, ವರ್ಷ ಒಗೆದು ನೋಡಿದ್ದರೆ ಹೇಳಿ. ಹೋದ ವಾರ ತಂದ ಐದು ಮೀಟರ್ ಖಾದಿ ಈಗ ಬಕೆಟ್ಟಿನಲ್ಲಿ ನೆನೆಯುತ್ತಿದೆ, ಈ ಸಲ ಕುಗ್ಗುವುದೆಲ್ಲ ಕುಗ್ಗಿದ ಮೇಲೆಯೇ ಟೈಲರ್ ಹತ್ತಿರ ಒಯ್ಯುತ್ತೇನೆ.